ಕೆಳಗಿನ ಬೀದಿಯ ಹಸುಗಳು

ಸೋಲೂರಿನ ಪಕ್ಕದ ಆ ಹಳ್ಳಿಯ ಕೆಳಗಿನ ಬೀದಿಯಲ್ಲಿ ಸತ್ತ ಏಳನೇ ಹಸು ಮುನಿಯಪ್ಪನದು. ಮೈತುಂಬಾ ಗಂಟು, ಗಂಟೊಡೆದು ಕೀವು, ಕೀವಿನ ಮೇಲೆ ನೊಣ. ಥೂ, ಆ ನಾತಕ್ಕೆ ಮೂರು ದಿನದಿಂದ ಅವನಿಗೆ ಅನ್ನ ಸೇರಿರಲಿಲ್ಲ. ಚರ್ಮಗಂಟು ರೋಗದ ಲಸಿಕೆ ಹಾಕಿಸಿಯೂ ಹೀಗೆ! ಲಸಿಕೆ ಹಾಕುವ ಹುಡುಗ ನಿಯಾಜ್ ಬರೀ ನೀರು ಚುಚ್ಚಿದ್ದಾನೆಂದು ಡೈರಿ ಕಾರ್ಯದರ್ಶಿ ಮನೋಹರ್ ದೂರು ಬರೆಸಿದ್ದ. ಅದು ಮೇಲಕ್ಕೆ ಹೋದರೆ ನಿಯಾಜ್ ಕೆಲಸ ಕಳೆದುಕೊಂಡಂತೆಯೇ.

ಪಶು ಆಸ್ಪತ್ರೆಯ ಲ್ಯಾಬಿನಿಂದ ನಿವೃತ್ತರಾಗಿ ಊರಲ್ಲೇ ಇದ್ದ ನೂರ್ಜಹಾನ್ ಇಂಥ ಗೋಜಲು ಬಿಡಿಸುವುದರಲ್ಲಿ ಹೆಸರಾದವರು. ಮುನಿಯಪ್ಪ ಅವರ ಜೊತೆ ಮನೆಮನೆ ಸುತ್ತಿದ.

"ಚುಚ್ಚಿಸಿದ್ಮೇಲೆ ಕುತ್ತಿಗೇಲಿ ಗೆಡ್ಡೆ ಬಂತಾ? ಭುಜದ ಮುಂದಿನ ಗ್ರಂಥಿ ಊದಿತ್ತಾ?"

ಬೆಳಿಗ್ಗೆ ಹಾಕಿಸಿದ್ದ ಮೇಲಿನ ಬೀದಿಯವರು ಹೌದೆಂದರು. ಸಂಜೆ ಹಾಕಿಸಿದ್ದ ಕೆಳಗಿನ ಬೀದಿಯಲ್ಲಿ ಒಂದಕ್ಕೂ ಊದಿರಲಿಲ್ಲ.

"ಅವತ್ತು ಪಿತೃಪಕ್ಷದ ಎಡೆ ಇತ್ತು. ಮಧ್ಯಾಹ್ನ ನಮಾಜಿಗೆ ಹೋಗುವಾಗ ಲಸಿಕೆ ಪೆಟ್ಟಿಗೇನ ಮನೋಹರಣ್ಣನ ಮನೇಲಿ ಇಟ್ಟಿದ್ದೆ. ಕರೆಂಟೂ ಇರಲಿಲ್ಲ," ಎಂದ ನಿಯಾಜ್.

ನೂರ್ಜಹಾನ್ ಆ ಐಸ್ ಪೆಟ್ಟಿಗೆ ಮೂಸಿ ಮುಖ ಕಿವುಚಿದರು. ಮೂಲೆಯಲ್ಲಿ ಬಿಳೀ ಕೊಬ್ಬು ಮೆತ್ತಿಕೊಂಡಿತ್ತು.

ಸಂಜೆ ಡೈರಿ ಮುಂದೆ ಎಲ್ಲರನ್ನೂ ಸೇರಿಸಿದರು.

"ಲಸಿಕೇಲಿರೋದು ಸೊರಗಿಸಿದ ಜೀವಂತ ವೈರಸ್ಸು," ಎಂದು ಶುರುಮಾಡಿದರು. "ಅದು ಹಸೂನ ಕೋಶದೊಳಕ್ಕೆ ಹೊಗಬೇಕು. ಕಾವಲು ಕೋಶಗಳು ಅದರ ಚೂರು ಹೊತ್ಕೊಂಡು ಗ್ರಂಥಿಗೆ ಹೋಗಿ ಟಿ ಕೋಶ ಅನ್ನೋ ಬಿಳಿ ರಕ್ತಕಣಗಳಿಗೆ ತೋರಿಸ್ತವೆ. ಗುರುತು ಹಿಡಿದ ಟಿ ಕೋಶ ಒಂದಿದ್ದದ್ದು ಸಾವಿರವಾಗಿ, ಆ ಚೂರು ಕಂಡ ಕೋಶಾನೆಲ್ಲ ಕೊಲ್ಲಕ್ಕೆ ಹೊರಡ್ತದೆ. ಗ್ರಂಥಿ ಊದೋದು ಅದಕ್ಕೇ. ವೈರಸ್ಸು ಮೊದಲೇ ಸತ್ತಿದ್ರೆ ಕೋಶದೊಳಕ್ಕೆ ಹೋಗಲ್ಲ, ಆ ಕೊಲೆಗಾರ ಕೋಶಗಳು ಏಳೋದೂ ಇಲ್ಲ."

"ನೀರು ಚುಚ್ಚಿದ್ರೂ ಊದಾಕಿಲ್ಲ!" ಎಂದ ಮನೋಹರ್.

"ನೀರು ಹಾಕೋನು ಮೇಲಿನ ಬೀದೀನ ಯಾಕಪ್ಪಾ ಬಿಟ್ಟ? ಕೆಟ್ಟಿದ್ದು ಮಧ್ಯಾಹ್ನ, ನಿನ್ನ ಮನೇಲಿ. ಪೆಟ್ಟಿಗೇಲಿ ಮಾಂಸದ ಕೊಬ್ಬು ಹೆಂಗೆ ಬಂತು?"

ಮನೋಹರ್ ತಲೆ ಕೆರೆದುಕೊಂಡ. "ಎಂಟು ಕೇಜಿ ಬಾಡು ಕೆಟ್ಟೋಯ್ತಿತ್ತು. ಹಿರೀಕರಿಗೆ ನಾರೋದ್ನ ಎಡೆ ಇಡಕ್ಕಾಯ್ತದಾ? ಬಾಡ ಐಸ್ ಪೆಟ್ಟಿಗೇಲಿಟ್ಟು, ಒಸಿ ಹೊತ್ತು ಲಸಿಕೆ ಸೀಸೆಗಳ್ನ ಬಿಸಿಲ ಜಗಲೀಲಿ ಇಟ್ಟಿದ್ದೆ, ಅಷ್ಟೇಯ."

ಏಳು ಹಸು ಸತ್ತಿದ್ದಕ್ಕೆ ಅಷ್ಟೇಯ! ಗೊತ್ತಿದ್ದೂ ಆ ಹುಡುಗನ ತಲೆಗೆ ಕಟ್ಟಿದ್ದನಲ್ಲ, ಹಾಳಾದವನು. ಮುನಿಯಪ್ಪ ಅವನ ಕೈಲಿದ್ದ ದೂರಿನ ಕಾಗದ ಕಿತ್ತುಕೊಂಡು ಪರಪರ ಹರಿದ. "ಥೂ ನಿನ್ ಜನ್ಮಕ್ಕೆ!"

"ನಂಗ್ಯಾಕ್ಲಾ ಉಗೀತೀಯ?" ಎಂದ ಮನೋಹರ್. "ಆ ಬಾಡ ನೀನೂ ಎರಡು ಸಲ ಹಾಕಿಸ್ಕೊಂಡು ಉಂಡೆಯಲ್ಲೋ!"

ಹೌದು, ಮುನಿಯಪ್ಪ ಉಂಡಿದ್ದ. ಉಂಡು, ಬಾಯಿ ಒರೆಸಿಕೊಂಡು ಮನೆಗೆ ಹೋಗಿ, ತಾನೇ ಹಸುವಿನ ಮೂಗುದಾರ ಹಿಡಿದು ಅದೇ ಸೀಸೆಗಳ ಲಸಿಕೆ ಚುಚ್ಚಿಸಿದ್ದ.