ಒಂಬತ್ತು ವರ್ಷದ ಮುಖಗಳು

"ಹಳೇ ಫೋಟೋ ತಂದೀರೇನ್ರಿ ಮೇಡಂ?" ಎಂದು ಡಾಕ್ಟರ್ ಜರೀನಾ ಕೇಳಿದಾಗ ನಾನು ಪರ್ಸಿನಿಂದ ಲಕೋಟೆ ತೆಗೆದು ಮೇಜಿನ ಮೇಲಿಟ್ಟೆ. ಕೈ ಬೆವರಿತ್ತು. ಲಕೋಟೆಯ ಮೇಲೆ ಹೆಬ್ಬೆರಳಿನ ಒದ್ದೆ ಗುರುತು ಮೂಡಿತು.

ಧಾರವಾಡದಲ್ಲಾದರೆ ಗುರುತಿನವರ ಕಣ್ಣಿಗೆ ಬಿದ್ದೇನೆಂದು ಹುಬ್ಬಳ್ಳಿಯ ಚರ್ಮದ ಕ್ಲಿನಿಕ್ಕಿಗೆ ಬಂದಿದ್ದೆ. ಆದರೂ ಬಸ್ಸು ಉಣಕಲ್ ದಾಟುವ ತನಕ ಸೆರಗಿನಿಂದ ಗದ್ದ ಮುಚ್ಚಿಕೊಂಡೇ ಕೂತಿದ್ದೆ. ಇಪ್ಪತ್ತು ವರ್ಷ ಆ್ಯಸಿಡ್ ಬಾಟಲಿಗಳ ನಡುವೆ ಕೆಮಿಸ್ಟ್ರಿ ಕಲಿಸಿದ ನಾನು, ನಲವತ್ತೆಂಟಕ್ಕೆ ನನ್ನದೇ ಗದ್ದಕ್ಕೆ ಹೆದರಿದ್ದೆ.

ಹೆದರಿಕೆ ಹುಟ್ಟಿ ಹನ್ನೆರಡು ದಿನವಾಗಿತ್ತು. ವಿದ್ಯಾರ್ಥಿನಿ ದುರ್ಗಾ ಲ್ಯಾಬಿನಲ್ಲಿ ವಿಡಿಯೋ ಮಾಡಿ ಕ್ಲಾಸಿನ ಗ್ರೂಪಿಗೆ ಹಾಕಿದ್ದಳು. ಅದರಲ್ಲಿ ಒಬ್ಬ ಹೆಂಗಸು ಬ್ಯುರೆಟ್ಟಿನ ಕಡೆ ಬಾಗಿ ನಿಂತಿದ್ದಳು. ಕೆನ್ನೆ ದವಡೆಯಿಂದ ಕೆಳಗೆ ಜಾರಿತ್ತು. ಕತ್ತಿನ ಸಡಿಲ ಚರ್ಮ ಮಾತಿಗೊಮ್ಮೆ ಅಲುಗುತ್ತಿತ್ತು. ಯಾರಿವಳು ಅಂದುಕೊಂಡೆ. ಸೀರೆ ನನ್ನದಾಗಿತ್ತು.

ಅದಕ್ಕೂ ನಾಲ್ಕು ದಿನ ಮೊದಲು ಶ್ರೀರಂಗ ನನ್ನನ್ನು ಮದುವೆಗೆ ಕೇಳಿದ್ದರು.

ಕಾಲೇಜಿನ ಎದುರು ಅವರ ಫೋಟೋ ಸ್ಟುಡಿಯೋ. ಹೆಂಡತಿ ತೀರಿಕೊಂಡು ಹತ್ತು ವರ್ಷ. ನನ್ನ ಐಡಿ ಕಾರ್ಡಿಗೆ ಪ್ರತಿ ಜೂನಿನಲ್ಲಿ ಫೋಟೋ ತೆಗೆಯುವವರು ಅವರೇ. ವರ್ಷಕ್ಕೊಂದು ಫೋಟೋ ಎಂದು ಆರಂಭವಾದದ್ದು ಬರಬರುತ್ತ ಶನಿವಾರದ ಚಹಾ ಆಗಿತ್ತು. ಅವತ್ತು ಕಪ್ಪು ಕೊಡುತ್ತ, ಕಪ್ಪನ್ನೇ ನೋಡುತ್ತ ಅಂದಿದ್ದರು: "ನಿರುಪಮಾ ಅವರ, ಈ ಚಹಾ ದಿನಾ ಕೂಡೇ ಕುಡಿಯೋ ಹಂಗಾದ್ರ ಛಲೋ ಇತ್ತು. ಈ ವಯಸ್ಸಿನ್ಯಾಗ ಮದಿವಿ ಅನ್ನಲಿಕ್ಕೆ ನಾಚಿಕಿ ಬರ್ತದ. ಆದ್ರ ಅದನ್ನೇ ಅನ್ನಲಿಕತ್ತೇನಿ."

"ಒಂದು ತಿಂಗಳು ಟೈಮ್ ಕೊಡ್ರಿ," ಅಂದಿದ್ದೆ. ಹೌದು ಎಂಬ ಮಾತು ಆಗಲೇ ಬಾಯಿಗೆ ಬಂದಿತ್ತು. ಅವರನ್ನು ತುಸು ಕಾಯಿಸುವ ಖುಷಿಗೆಂದು ಕೇಳಿದ ತಿಂಗಳು ಅದು. ವಿಡಿಯೋ ನೋಡಿದ ಮೇಲೆ ಆ ಖುಷಿ ಹೋಯಿತು. ದಿನವಿಡೀ ಮುಖಗಳನ್ನು ನೋಡುವ ಮನುಷ್ಯ, ಈ ಮುಖವನ್ನು ಒಂದು ದಿನ ಸರಿಯಾಗಿ ನೋಡಿಬಿಟ್ಟರೆ?

"ಅಲ್ಟ್ರಾಸೌಂಡ್ ಆದ್ರ ಒಂದೇ ಸಿಟ್ಟಿಂಗ್ ರಿ," ಎಂದು ಜರೀನಾ ವಿವರಿಸುತ್ತಿದ್ದರು. "ಬಿಸಿ ಆಳಕ್ಕ ಹೋಗತೈತಿ, ನೋವೂ ಆಗತೈತಿ. ಚರ್ಮ ಬಿಗಿ ಆಗೂದು ಎರಡು ಮೂರು ತಿಂಗಳಿಗೆ."

"ಹದಿನಾಲ್ಕು ದಿನದಾಗ ಆಗೂದಿಲ್ಲೇನ್ರಿ?" ಶ್ರೀರಂಗ ಅವರಿಂದ ಕೇಳಿದ ತಿಂಗಳಲ್ಲಿ ಉಳಿದದ್ದು ಅಷ್ಟೇ ದಿನ.

"ಹದಿನಾಲ್ಕು ದಿನದಾಗ ಬ್ಲೌಸ್ ಬಿಗಿ ಆಗಬಹುದು ಮೇಡಂ, ಚರ್ಮ ಆಗಂಗಿಲ್ಲ." ನಕ್ಕು, ನನ್ನ ಕೆನ್ನೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. "ಮತ್ತ ನಿಮ್ಮ ಕೆನ್ನಿ ಮೊದಲ ತೆಳ್ಳಗ ಐತಿ. ಅಲ್ಟ್ರಾಸೌಂಡಿನಾಗ ಇದ್ದ ಕೊಬ್ಬೂ ಕರಗಿದ್ರ ಒಳಗ ಹೋದಂಗ ಕಾಣತೈತಿ. ರೇಡಿಯೋ ಫ್ರೀಕ್ವೆನ್ಸಿ ಅಂತ ಇನ್ನೊಂದು ಐತಿ, ಬೆಚ್ಚಗಿನ ಇಸ್ತ್ರಿ ಆಡಿಸಿದಂಗ. ನಾಲ್ಕಾರು ಸಲ ಬರಬೇಕು. ಫರಕ್ ಸ್ವಲ್ಪೇ. ಅದನ್ನೇ ಸಣ್ಣ ಸೂಜಿಲೆ ಮಾಡಿದ್ರ ಫರಕ್ ಜಾಸ್ತಿ, ಆದ್ರ ಮೂರ್ನಾಲ್ಕು ದಿನ ಮುಖ ಕೆಂಪಗ."

"ಬಿಸಿ ನರಕ್ಕ ತಾಗಿದ್ರ?"

ಅವರು ಪೆನ್ನು ಕೆಳಗಿಟ್ಟರು. "ಅಪರೂಪ ರಿ. ಆಗೂದೇ ಇಲ್ಲ ಅಂತ ಮಾತ್ರ ನಾ ಬರಕೊಡಂಗಿಲ್ಲ. ಕೆಲವು ವಾರ ತುಟಿ ಸೊಟ್ಟ ಆದವರನ್ನ ನೋಡೇನಿ. ಆಮ್ಯಾಲೆ ಸರಿ ಆತು."

ಸೊಟ್ಟ ತುಟಿಯಿಂದ ಶ್ರೀರಂಗ ಅವರಿಗೆ ಹೌದು ಅನ್ನುವ ನನ್ನನ್ನು ನೆನೆದೆ.

ಜರೀನಾ ಲಕೋಟೆ ಬಿಚ್ಚಿ ಐಡಿ ಕಾರ್ಡಿನ ಒಂಬತ್ತು ವರ್ಷದ ಫೋಟೋಗಳನ್ನು ಸಾಲಾಗಿ ಇಟ್ಟರು. ಬಹಳ ಹೊತ್ತು ನೋಡಿದರು.

"ಇವು ಟಚ್ ಮಾಡಿದ್ವು ಮೇಡಂ."

"ಅಂದ್ರ?"

"ಕೂದಲು ಬೆಳ್ಳಗಾಗ್ಯಾವ, ಗದ್ದ ಮಾತ್ರ ಒಂಬತ್ತು ವರ್ಷ ನಿಂತಲ್ಲೇ ನಿಂತೈತಿ. ಕಂಪ್ಯೂಟರಿನಾಗ ಎತ್ಯಾರ. ಅಸಲಿ ಫೋಟೋ ತರ್ರಿ. ಇವತ್ತಿನವೂ ಬೇಕು, ಎದುರಿಂದು, ಎರಡೂ ಬಾಜೂದು. ಚರ್ಮ ಎಷ್ಟು ಲಗೂ ಸಡಿಲಾತು ಅಂತ ನೋಡಿ ಮಷೀನ್ ಆರಿಸೂಣು."

ವಾಪಸು ಬರುವಾಗ ಸೆರಗು ಮುಚ್ಚಿಕೊಳ್ಳುವುದೂ ಮರೆತೆ. ಶ್ರೀರಂಗ ನನ್ನ ಮುಖ ನೋಡಿಲ್ಲವೆಂದು ಹೆದರಿದ್ದೆ. ನೋಡಿದ್ದರು. ನೋಡಿ, ಪ್ರತಿ ವರ್ಷ ಅಳಿಸಿದ್ದರು. ದಿನಾ ಬೆಳಗ್ಗೆ ಚಹಾದ ಎದುರು ಕೂತು, ಇದೊಂದು ಹೀಗಿರಬಾರದಿತ್ತು ಎಂದು ನೋಡುವ ಕಣ್ಣಿನ ಜೊತೆ ಬದುಕುವುದು ಹೇಗೆ? ಯಂತ್ರದ ಬಿಸಿಗಿಂತ, ಸೂಜಿಗಿಂತ, ಆ ಕಣ್ಣಿಗೇ ಹೆಚ್ಚು ಹೆದರಿದೆ.

ಸ್ಟುಡಿಯೋದಲ್ಲಿ ಗಿರಾಕಿ ಇರಲಿಲ್ಲ. ಅವರು ಎದ್ದು ನಿಂತರು.

"ಬರ್ರಿ ಬರ್ರಿ! ಇವತ್ತು ಶನಿವಾರ ಅಲ್ಲ, ಆದ್ರೂ ನನ್ನ ನಸೀಬ..."

"ನನ್ನ ಅಸಲಿ ಫೋಟೋ ಕೊಡ್ರಿ. ಒಂಬತ್ತೂ."

ನಗು ಅವರ ಮುಖದಲ್ಲಿ ಅರ್ಧಕ್ಕೆ ನಿಂತಿತು. ಕುರ್ಚಿ ಸರಿಸಿದರು. ನಾನು ಕೂರಲಿಲ್ಲ.

"ಯಾರು ಹೇಳಿದ್ರು?"

"ಹುಬ್ಬಳ್ಳಿ ಡಾಕ್ಟರು. ಮುಖದ ಚರ್ಮ ಬಿಗಿ ಮಾಡಿಸಲಿಕ್ಕೆ ಹೋಗಿದ್ದೆ." ಹೇಳಬಾರದೆಂದುಕೊಂಡದ್ದನ್ನೇ ಮೊದಲು ಹೇಳಿಬಿಟ್ಟಿದ್ದೆ.

ಅವರು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದರು. "ಮೊದಲನೇ ವರ್ಷ ಪ್ರಿಂಟ್ ನೋಡಿ ಏನಂದ್ರಿ, ನೆನಪದ ಏನು?"

"ಇಲ್ಲ."

"'ಇದೇನ್ರಿ, ನಮ್ಮವ್ವ ಕೂತಂಗ ಕಾಣ್ತದ' ಅಂದ್ರಿ. ಫೋಟೋ ಬೋರಲು ಹಾಕಿದ್ರಿ. ನಾ ಒಳಗ ಹೋಗಿ ಗದ್ದ ಒಂಚೂರು ಎತ್ತಿ ಇನ್ನೊಂದು ಪ್ರಿಂಟ್ ತಂದೆ. ನಕ್ರಿ. ನಮ್ಮ ಧಂದೇದಾಗ ಇದು ದಿನಾ ಮಾಡೋ ಕೆಲಸ, ತಪ್ಪು ಅಂತ ಅನಸಲೇ ಇಲ್ಲ. ಮರುವರ್ಷ ಹಂಗ ಬಿಟ್ಟಿದ್ರ ಫರಕ್ ಕಾಣ್ತಿತ್ತು, ಬ್ಯಾರೆ ಸ್ಟುಡಿಯೋಕ್ಕ ಹೋಗ್ತಿದ್ರಿ. ವರ್ಷಕ್ಕ ಒಂದೇ ಸಲ ಬರ್ತಿದ್ರಿ ಆವಾಗ."

"ಅದಕ್ಕ ಪ್ರತಿ ವರ್ಷ ಎತ್ತಿದ್ರಿ."

"ಹೌದ್ರಿ. ಅಂಜಿಕಿಗೆ."

"ಹಂಗಾದ್ರ ಮದಿವಿ ಯಾರನ್ನ ಕೇಳಿದ್ರಿ? ಐಡಿ ಕಾರ್ಡಿನಾಕಿನ್ನೋ, ನನ್ನನ್ನೋ?"

ಅವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ನಾನು ಕೈಯಿಂದ ಕಣ್ಣು ಮುಚ್ಚಿಕೊಂಡೆ. ಆಮೇಲೆ ಬೆರಳ ಸಂದಿಯಿಂದ ನೋಡಿದೆ.

ಒಂಬತ್ತು ನಿರುಪಮಾಗಳು. ಅವ್ವ ಆಸ್ಪತ್ರೆಯಲ್ಲಿದ್ದ ವರ್ಷದವಳ ಕಣ್ಣು ಗುಳಿಬಿದ್ದಿತ್ತು. ಟೈಫಾಯ್ಡಿನಿಂದ ಎದ್ದವಳ ಕೆನ್ನೆ ಬತ್ತಿ ಮತ್ತೆ ತುಂಬಿರಲಿಲ್ಲ. ದವಡೆಯ ಗೆರೆ ಒಂದೊಂದೇ ಕೂದಲೆಳೆಯಷ್ಟು ಇಳಿದಿತ್ತು, ಯಾವ ಅವಸರವೂ ಇಲ್ಲದೆ. ಒಂದೇ ವರ್ಷದಲ್ಲಿ ಕುಸಿದ ಮುಖ ಎಂದುಕೊಂಡು ಹನ್ನೆರಡು ದಿನ ನಿದ್ದೆಗೆಟ್ಟಿದ್ದೆ. ಮುಖ ನಿಧಾನವಾಗಿಯೇ ನಡೆದುಬಂದಿತ್ತು. ನನಗೆ ಮಾತ್ರ ಯಾರೂ ತೋರಿಸಿರಲಿಲ್ಲ.

"ಅಳಸೋಕಿಂತ ಮೊದಲ ನೋಡಬೇಕಲ್ರಿ," ಶ್ರೀರಂಗ ಮೆಲ್ಲಗೆ ಅಂದರು. "ದೊಡ್ಡದು ಮಾಡಿ, ಬೆಳಕಿನ್ಯಾಗ ಇಟ್ಟು ನೋಡದ ಅಳಸಲಿಕ್ಕೆ ಬರೂದಿಲ್ಲ. ಈ ಎಡಗಡೆ ಗೆರಿ ಐದನೇ ವರ್ಷದ್ದು. ಕತ್ತಿನ ಈ ಮಡಿಕಿ ಹೋದ ವರ್ಷ ಬಂತು. ಎಲ್ಲಾ ನಿಮಗಿಂತ ಮೊದಲ ಕಂಡಾಂವ ನಾನು. ಎಲ್ಲಾ ಗೊತ್ತಿದ್ದೇ ಕೇಳೇನಿ."

"ಹೇಳಬೇಕಿತ್ತು."

"ಹೇಳಬೇಕಿತ್ತು," ಅವರೂ ಅಂದರು. ತಲೆ ಎತ್ತಲಿಲ್ಲ. ನನ್ನ ಎದುರು ಇಷ್ಟು ಹೆದರಿದ ಗಂಡಸನ್ನು ನಾನು ಕಂಡಿರಲಿಲ್ಲ. ಸಿಟ್ಟು ಪೂರ್ತಿ ಹೋಗಿರಲಿಲ್ಲ. ಆದರೂ ಫೋಟೋ ತೆಗೆಸುವ ಸ್ಟೂಲಿನ ಮೇಲೆ ಹೋಗಿ ಕೂತೆ.

"ತೆಗೀರಿ. ಎದುರಿಂದು, ಎರಡೂ ಬಾಜೂದು. ಡಾಕ್ಟರು ಕೇಳ್ಯಾರ."

ಅವರು ಕ್ಯಾಮೆರಾ ಎತ್ತಿದರು. "ಗದ್ದ ಸ್ವಲ್ಪ ಮ್ಯಾಲೆ..." ಎಂದವರು ಅಲ್ಲೇ ತಡೆದರು. "ಬ್ಯಾಡ. ಹೆಂಗ ಅದೀರಿ ಹಂಗ ಇರ್ರಿ."

ಪ್ರಿಂಟು ಬೆಚ್ಚಗೆ ಕೈಗೆ ಬಂತು. ಅದು ನನಗೆ ಇಷ್ಟವಾಯಿತೆಂದರೆ ಸುಳ್ಳಾಗುತ್ತದೆ. ಆದರೆ ಬೋರಲು ಹಾಕಲಿಲ್ಲ.

"ಸೂಜಿ ಬ್ಯಾಡ, ಅಲ್ಟ್ರಾಸೌಂಡೂ ಬ್ಯಾಡ," ಅಂದೆ. "ಇಸ್ತ್ರಿಯಂಥಾದ್ದು ಮಾಡಿಸ್ತೇನಿ. ಆದಷ್ಟು ಆಗ್ಲಿ."

"ನನಗೇನೂ ಅದು ಬೇಕಿಲ್ರಿ, ನಿರುಪಮಾ..."

"ನಿಮಗಂತ ಯಾರು ಹೇಳಿದ್ರು? ನಮ್ಮ ಮನ್ಯಾಗ ಕನ್ನಡಿ ನೋಡಾಕಿ ನಾನು."

"ಆಗ್ಲಿ," ಅಂದರು ಪಾಪ. "ಯಾವಾಗ ಹೋಗ್ತೀರಿ? ಒಬ್ಬರೇ ಹೋಗಬ್ಯಾಡ್ರಿ."

"ಈಗೇನು ಅವಸರ ಇಲ್ಲ. ಮದಿವಿ ಆದ ಮ್ಯಾಲೆ ಹೋಗೂಣು."

ಅರ್ಥವಾಗಲು ಅವರಿಗೆ ಹೊತ್ತು ಹಿಡಿಯಿತು. ಕ್ಯಾಮೆರಾದ ಪಟ್ಟಿ ಕೈಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡರು.

"ಅಂದ್ರ..."

"ಅಂದ್ರ, ಮದಿವಿ ಫೋಟೋದಾಗ ಇದೇ ಗದ್ದ ಇರ್ತದ. ಟಚ್ ಮಾಡದಂಥಾವ್ರನ್ನ ಎಲ್ಲಿಂದರೆ ಹುಡುಕಿ ಕರ್ಕೊಂಡ ಬರ್ರಿ. ನೀವಂತೂ ತೆಗೀಲಿಕ್ಕೆ ಬರೂದಿಲ್ಲ, ನನ್ನ ಬಾಜೂಕ ನಿಂತಿರಬೇಕಾಗ್ತದ."