ಹೊಡೆತ ತಿಂದ ತಗಡು

"ಹೊಡೀರಿ! ಕೈ ಸೋಲೋವರೆಗೂ ಹೊಡೀರಿ!"

ಬೆಂಗಳೂರಿನ ಯಡಿಯೂರಿನ ಪುಟ್ಟ ಕಲಾ ಗ್ಯಾಲರಿಯಲ್ಲಿ ಇಂದ್ರಾಣಿ ಬಂದವರನ್ನು ಹುರಿದುಂಬಿಸುತ್ತ ತಾನೂ ಸುತ್ತಿಗೆ ಎತ್ತಿ ನಿಂತಿದ್ದಳು. ಎದುರಿಗೆ ಸರಪಳಿಯಲ್ಲಿ ತೂಗುಹಾಕಿದ ಉಕ್ಕಿನ ತಗಡು. ಅದರ ಮೇಲೆ ಬಿಳಿ ಬಣ್ಣದಲ್ಲಿ ಒಂದೇ ಪದ, ಭದ್ರಾವತಿ. ಉಕ್ಕಿನ ಕಾರ್ಖಾನೆ ಮುಚ್ಚಿ ಕುಲುಮೆ ಆರಿದ ಊರಿನ ಬಗ್ಗೆ ಅವಳ ಮೊದಲ ಪ್ರದರ್ಶನ ಅದು. ಬಂದವರೆಲ್ಲ ಹೊಡೆದೂ ಹೊಡೆದೂ ತಗಡು ಆಗಲೇ ಜಜ್ಜಿಹೋಗಿತ್ತು.

ಅವಳು ಸುತ್ತಿಗೆ ಬೀಸಿದಳು... ಯಾರೋ ಒಬ್ಬ ಅಡ್ಡ ಕೈ ಒಡ್ಡಿದ!

ಬೆರಳು ಒಡೆದು ರಕ್ತ ಚಿಮ್ಮಿತು.

"ಹುಚ್ಚೇನ್ರೀ ನಿಮ್ಗೆ?"

"ಹುಚ್ಚು ನಿಮ್ಗೆ! ನಮ್ಮೂರಿಗೆ ಹೊಡೆಸಿ ಮಜಾ ತಗೋತಿದೀರಾ? ನಮ್ಮಪ್ಪ ಜೀವಮಾನವೆಲ್ಲ ಬೆಂದ ಜಾಗ ಕಣ್ರೀ ಅದು! ಬಾಗಿಲು ಹಾಕ್ದಾಗ ಯಾರೂ ಬರ್ಲಿಲ್ಲ. ಈಗ ಜ್ಯೂಸ್ ಕುಡ್ಕೊಂಡು ನೋಡೋಕೆ ಬಂದ್ರಾ?"

ಅವನು ಪ್ರಸನ್ನ, ಜೆ.ಪಿ. ನಗರದಲ್ಲಿ ಲಿಫ್ಟ್ ಮೆಕ್ಯಾನಿಕ್. ಹೆಸರಿಗಷ್ಟೇ ಪ್ರಸನ್ನ! ಗೋಡೆಯ ಮೇಲಿದ್ದ ಅವಳ ಚಿತ್ರವನ್ನು ಕಿತ್ತು ನೆಲಕ್ಕೆ ಬಡಿದ. ಗಾಜು ಪುಡಿಪುಡಿಯಾಯಿತು. ಇನ್ನೊಂದಕ್ಕೆ ಕೈ ಎತ್ತಿದ.

ಇಂದ್ರಾಣಿ ಸುತ್ತಿಗೆ ಬಿಸಾಡಿ, ಎರಡೂ ತೋಳಿಂದ ತಲೆ ಮುಚ್ಚಿಕೊಂಡು ಮೂಲೆಯಲ್ಲಿ ಮುದುಡಿ ಕೂತಳು.

ಎತ್ತಿದ ಕೈ ಅಲ್ಲೇ ನಿಂತಿತು.

"ರೀ... ನಾನು ನಿಮ್ಗೆ ಹೊಡೀತಿರ್ಲಿಲ್ಲ."

"ಅಪ್ಪನೂ ಹಾಗೇ ಅಂತಿದ್ರು." ಅವಳು ನಿಧಾನಕ್ಕೆ ತೋಳು ಇಳಿಸಿದಳು. "ನಾನೂ ಭದ್ರಾವತಿಯವಳೇ. ಕಾರ್ಖಾನೆ ನಿಂತ ಮೇಲೆ ಅಪ್ಪನ ಸಿಟ್ಟೆಲ್ಲ ಮನೆಗೆ ಬಂತು. ಅಮ್ಮನ ಮೈಮೇಲೆ ಬಿದ್ದ ಏಟನ್ನ ಈ ತಗಡಿನ ಮೇಲೆ ತೋರಿಸ್ದೆ. ಊರನ್ನ ಆಡ್ಕೊಳ್ಳೋಕಲ್ಲ..."

ಪ್ರಸನ್ನನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ರಕ್ತ ಸುರಿಯುವ ಕೈಯಲ್ಲೇ ಗಾಜಿನ ಚೂರು ಆರಿಸತೊಡಗಿದ.

ಪ್ರದರ್ಶನ ಮುಗಿಯುವವರೆಗೂ, ಕೈಗೆ ಪಟ್ಟಿ ಕಟ್ಟಿಕೊಂಡು ದಿನವೂ ಬಂದ. ಬಾಗಿಲ ಬಳಿಯೇ ನಿಲ್ಲುತ್ತಿದ್ದ, ಅವಳು ಕರೆದರಷ್ಟೇ ಒಳಗೆ. ಒಂದು ಸಂಜೆ ಅವನು ಬರುವುದು ತಡವಾಯಿತು. ಇಂದ್ರಾಣಿಯ ಕಣ್ಣು ಬಾಗಿಲಲ್ಲೇ ನೆಟ್ಟಿತ್ತು.

'ಅಯ್ಯೋ, ಬೆರಳು ಜಜ್ಜಿದವಳೂ ನಾನೇ, ಕಾಯ್ತಿರೋಳೂ ನಾನೇ!'

ಕೊನೆಯ ದಿನ, ಯಡಿಯೂರು ಕೆರೆ ದಂಡೆಯ ಬೆಂಚಿನ ಮೇಲೆ ಅವನೇ ಬಾಯಿಬಿಟ್ಟ.

"ನೀವಂದ್ರೆ ನಂಗೆ ತುಂಬಾ ಇಷ್ಟ."

ಅವಳ ಮನಸ್ಸು ಹೌದು ಅಂದಿತು, ಭಯ ಬೇಡ ಅಂದಿತು.

"ನಂಗೂ ಇಷ್ಟ... ಆದ್ರೆ ನಿಮ್ಗೆ ಸಿಟ್ಟು ಬಂದ ದಿನ?"

"ಬರಲ್ಲ ಅಂತ ಸುಳ್ಳು ಹೇಳಲ್ಲ. ಬಂದ್ರೆ ಮನೆಯಿಂದ ಆಚೆ ಹೋಗ್ತೀನಿ. ಸಿಟ್ಟು ಇಳಿದ ಮೇಲೆ ಬಂದು ಬಾಗಿಲು ತಟ್ತೀನಿ. ತೆಗೀಲೇಬೇಕು ಅಂತೇನಿಲ್ಲ."

ಇಂದ್ರಾಣಿ ಮೊದಲ ಸಲ ಅವನ ಕೈ ಹಿಡಿದಳು.

"ಮೆಲ್ಲಗೆ ತಟ್ಟು, ಪ್ರಸನ್ನ... ನಂಗೆ ಕೇಳ್ಸುತ್ತೆ."