ಬೆರಳು ತೋರಿಸಿದ ಪಿಂದೆ

“ಅಜ್ಜೀ, ಇದೂ ಉದುರೋಯ್ತು!”

ಇಂಚರಾ ತಾರಸಿಯಿಂದ ದಡದಡನೆ ಇಳಿದು ಬಂದು ಅಂಗೈ ಚಾಚಿದಳು. ಗೋಲಿಯಷ್ಟು ದಪ್ಪದ ಸಿಹಿಗುಂಬಳದ ಪಿಂದೆ ಹಳದಿಗೆ ತಿರುಗಿ ಮೆತ್ತಗಾಗಿತ್ತು.

ಅಜ್ಜಿ ಕನ್ನಡಕ ಏರಿಸಿ ನೋಡಿದರು. “ಮತ್ತೆ ಯಾರಾದ್ರೂ ಬೆರಳು ತೋರಿಸಿದ್ರೇನೋ ಪುಟ್ಟಿ. ಎಳೇ ಪಿಂದೆಗೆ ಬೆರಳು ತೋರಿಸಿದ್ರೆ ನಿಲ್ಲಲ್ಲ.”

“ಯಾರು ತೋರಿಸ್ತಾರೆ? ಬಳ್ಳಿ ಮೇಲೆ ನಿನ್ನ ಹಳೇ ಸೀರೆ ಮುಚ್ಚಿದ್ನಲ್ಲ!”

ಸೀರೆ ಮುಚ್ಚಲು ಕಾರಣ ಪಕ್ಕದ ಮನೆಯ ರಾಘವ. ಹೋದ ವಾರ ಮೊದಲ ಪಿಂದೆ ಕಂಡಾಗ ಅವನು ಮೋಟುಗೋಡೆಯ ಆಚೆಯಿಂದ “ಅಗೋ, ಕುಂಬಳಕಾಯಿ!” ಎಂದು ಬೆರಳು ಚಾಚಿದ್ದ. ಅದು ಉದುರಿದಾಗ “ನಿನ್ನಿಂದಲೇ!” ಎಂದು ಇಂಚರಾ ಕೂಗಾಡಿದಳು. ಅವನು ತಟ್ಟನೆ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ! ಇನ್ನೇನು ಸಾಕ್ಷಿ ಬೇಕು? ಇಂಚರಾ ಟೂ ಬಿಟ್ಟಳು.

ಒಂದೇ ಕಾಯಿಯ ಬೀಜ ಹಂಚಿಕೊಂಡು ಇವಳು ಒಡೆದ ಬಕೆಟ್ಟಿನಲ್ಲಿ, ಅವನು ಎಣ್ಣೆ ಡಬ್ಬದಲ್ಲಿ ನೆಟ್ಟಿದ್ದರು. ಈಗ ಒಬ್ಬರು ಬಂದರೆ ಇನ್ನೊಬ್ಬರು ತಾರಸಿ ಹತ್ತುತ್ತಿರಲಿಲ್ಲ. ಇಡೀ ಚಾಮರಾಜಪೇಟೆಯಲ್ಲಿ ಬಳ್ಳಿಯ ವಿಷಯ ಮಾತಾಡಲು ಇಂಚರಾಗೆ ಬೇರೆ ಯಾರೂ ಇರಲಿಲ್ಲ. ತುಂಬಾ ಬೇಜಾರಾಗುತ್ತಿತ್ತು.

ಅದಿರಲಿ, ಸೀರೆಯ ಒಳಗಿದ್ದ ಪಿಂದೆ ಉದುರಿದ್ದು ಯಾಕೆ? ಈ ಪ್ರಶ್ನೆ ಅವಳ ತಲೆ ಕೊರೆಯಿತು. ಸ್ಕೂಲಿನಲ್ಲಿ ಸೈನ್ಸ್ ಮಿಸ್ ಬೆನ್ನು ಹತ್ತಿದಳು.

“ಕುಂಬಳದಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ,” ಎಂದರು ಮಿಸ್. “ಹೆಣ್ಣು ಹೂವಿನ ಬುಡದಲ್ಲಿ ಪಿಂದೆ ಇರತ್ತೆ. ಗಂಡು ಹೂವಿನ ಪುಡಿ ಅದಕ್ಕೆ ತಾಗ್ಬೇಕು. ಜೇನು ತಂದ್ರೂ ಸರಿ, ನೀನು ತಂದ್ರೂ ಸರಿ. ಇಲ್ದಿದ್ರೆ ಉದುರೋಗತ್ತೆ.”

ಸೀರೆ ಮುಚ್ಚಿದರೆ ಜೇನು ಎಲ್ಲಿಂದ ಬರಬೇಕು! ಇಂಚರಾ ಹಣೆ ಚಚ್ಚಿಕೊಂಡಳು.

ಮರುದಿನ ಬೆಳಗ್ಗೆಯೇ ಸೀರೆ ತೆಗೆದಳು. ಉಳಿದಿದ್ದ ಒಂದೇ ಒಂದು ಪಿಂದೆಯ ತುದಿಯಲ್ಲಿ ಹೂ ಅರಳಿತ್ತು. ಗಂಡು ಹೂವಿಗಾಗಿ ಎಲೆ ಎಲೆ ಎತ್ತಿ ಹುಡುಕಿದಳು. ಒಂದೂ ಇರಲಿಲ್ಲ. ಗೋಡೆಯಾಚೆ ರಾಘವನ ಬಳ್ಳಿಯಲ್ಲಿ ಮಾತ್ರ ಬೇಕಾದಷ್ಟಿದ್ದವು. ಅವನೂ ಚೊಂಬು ಹಿಡಿದು ಆಗಷ್ಟೇ ಬಂದಿದ್ದ.

ಕೇಳಲು ಅವಳಿಗೆ ಬಾಯೇ ಬರಲಿಲ್ಲ. ಆದರೆ ಬಿಸಿಲೇರಿದರೆ ಹೂ ಮುದುಡಿಬಿಡುತ್ತದೆ.

“ರಾಘವಾ... ಒಂದು ಹೂ ಕೊಡ್ತೀಯಾ?”

ಅವನು ಚೊಂಬು ಇಟ್ಟವನೇ ಸಿಕ್ಕ ಹೂಗಳನ್ನೆಲ್ಲ ಕಿತ್ತು ಗೋಡೆ ಹಾರಿ ಬಂದ. ಹೂಗಳನ್ನು ಅವಳಿಗೆ ಕೊಟ್ಟು ದೂರ ನಿಂತು ಮುಖ ತಿರುಗಿಸಿದ.

“ಬಾರೋ ಹತ್ರ. ನೋಡು.”

“ಬೇಡ ಕಣೇ. ನನ್ನ ಕಣ್ಣೇ ಕೆಟ್ಟದ್ದೇನೋ. ನಮ್ಮ ಬಳ್ಳಿಗೂ ನಾನು ಕಣ್ಮುಚ್ಕೊಂಡೇ ನೀರು ಹಾಕ್ತೀನಿ.”

ಇಷ್ಟು ದಿನ ಬೇಜಾರು ತನಗೊಬ್ಬಳಿಗೇ ಎಂದುಕೊಂಡಿದ್ದಳು ಇಂಚರಾ.

“ನಿನ್ನಿಂದ ಅಲ್ವೋ! ಹೂವಿನ ಪುಡಿ ಸಿಗದೆ ಉದುರಿದ್ದು, ಅಷ್ಟೇ. ಮಿಸ್ಸೇ ಹೇಳಿದ್ರು.”

ಅವನು ನಂಬಿದಂತೆ ಕಾಣಲಿಲ್ಲ. ಇಂಚರಾ ಕೈ ಹಿಡಿದು ಅವನನ್ನು ಬಳ್ಳಿಯ ಹತ್ತಿರ ಎಳೆದು ತಂದಳು. ಒಂದು ಹೂವಿನ ದಳ ಬಿಡಿಸಿ ಅವನ ಕೈಗೇ ವಾಪಸ್ ಇಟ್ಟಳು.

“ನೀನೇ ಪುಡಿ ತಾಗಿಸು. ಮೆತ್ತಗೆ.”

ರಾಘವ ಉಸಿರು ಬಿಗಿಹಿಡಿದು ಬಗ್ಗಿದ. ಹಳದಿ ಪುಡಿ ಹೆಣ್ಣು ಹೂವಿನೊಳಗೆ ಅಂಟಿತು.

“ನಿಲ್ಲತ್ತಾ?”

“ಗೊತ್ತಿಲ್ಲ.”

“ನಿಲ್ಲದಿದ್ರೆ?”

“ಇನ್ನೊಂದು ಬಿಡತ್ತೆ,” ಎಂದಳು ಇಂಚರಾ. “ಆಗ್ಲೂ ನೀನೇ ಬರ್ಬೇಕು.”